ಧಾರವಾಡದ ಬಾಲಕನ ಅರ್ಜಿಯೂ ಕರಾವಳಿಯ ಶಾಲೆಗಳೂ

1856ನೆಯ ಇಸವಿಯ ಜೂನ್ ತಿಂಗಳಲ್ಲಿ ಧಾರವಾಡದ ಮಹಾರ ಜಾತಿಯ ಬಾಲಕನೊಬ್ಬನ ಪರವಾಗಿ ಮುಂಬಯಿ ಸರ್ಕಾರಕ್ಕೆ ಒಂದು ಅರ್ಜಿ ಸಲ್ಲಿತು. ಶಾಲೆಯ ಶುಲ್ಕವನ್ನು ಎಲ್ಲರಂತೆ ಕೊಡಲು ಸಿದ್ಧನಿದ್ದರೂ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಪ್ರವೇಶ ದೊರೆಯಲಿಲ್ಲವೆಂಬುದೇ ಅದರ ಸಾರ. ವಿದ್ಯಾ ಇಲಾಖೆಯ ವರದಿಯ ಆ ಭಾಗದಲ್ಲಿ ಅವನು ಮಹಾರ ಬಾಲಕನೆಂದಷ್ಟೇ ಉಲ್ಲೇಖಿತನಾಗಿದ್ದಾನೆ. ಆದರೆ ಭಾರತದ ಸಾರ್ವಜನಿಕ ಶಾಲೆಗಳ ಬಾಗಿಲು ಯಾರಿಗೆ ತೆರೆದಿರಬೇಕು ಎಂಬ ಪ್ರಶ್ನೆಯನ್ನು ಕಲಕತ್ತೆಯವರೆಗೂ ಲಂಡನ್ನಿನವರೆಗೂ ಒಯ್ದವನು ಈ ಕನ್ನಡ ನಾಡಿನ ಬಾಲಕನೇ. ಭಟ್ಕಳ, ಹೊನ್ನಾವರ, ಕುಮಟೆಗಳ ಶಾಲೆಗಳ ಚರಿತ್ರೆಗೂ ಈ ಅರ್ಜಿಗೂ ಇರುವ ಸಂಬಂಧ ಮೇಲುನೋಟಕ್ಕೆ ಕಾಣದು.

ಅದೇ ವರ್ಷ ಜುಲೈ 21ರಂದು ಮುಂಬಯಿ ಸರ್ಕಾರ ತನ್ನ ನಿರ್ಣಯವನ್ನು ನೀಡಿತು. ಅರ್ಜಿದಾರನ ಪಕ್ಷದಲ್ಲಿ ತಾತ್ತ್ವಿಕವಾದ ನ್ಯಾಯವಿದೆಯೆಂದು ಅದು ಮೊದಲೇ ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆ, ಬಹುಕಾಲದಿಂದ ಬೇರೂರಿದ ಭಾವನೆಗಳನ್ನು ಒಬ್ಬಿಬ್ಬರ ಸಲುವಾಗಿ ಥಟ್ಟನೆ ಕೆಣಕಿದರೆ ವಿದ್ಯಾಪ್ರಸಾರಕ್ಕೇ ಹಾನಿಯಾದೀತೆಂದು ಹೇಳಿ ಪ್ರವೇಶವನ್ನು ನಿರಾಕರಿಸಿತು. ನ್ಯಾಯ ನಿನ್ನದು, ಶಾಲೆ ಮಾತ್ರ ನಿನ್ನದಲ್ಲ ಎಂಬಂತಹ ಉತ್ತರವಿದು. ಅಧಿಕಾರದಲ್ಲಿರುವವರು ಅನ್ಯಾಯವನ್ನು ಅನ್ಯಾಯವೆಂದು ತಿಳಿದೂ ಅದನ್ನು ವಿವೇಕದ ಹೆಸರಿನಲ್ಲಿ ಮುಂದುವರಿಸುವ ಕ್ರಮ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಸಿಗಲಾರದು.

ವಿಷಯ ಅಲ್ಲಿಗೇ ಮುಗಿಯಲಿಲ್ಲ. 1857ರ ಜನವರಿ 23ರಂದು ಭಾರತ ಸರ್ಕಾರ ಬರೆದ ಪತ್ರದಲ್ಲಿ, ಮುಂಬಯಿಯ ಗವರ್ನರರು ಅಲ್ಲಿಯ ಪರಿಸ್ಥಿತಿಗನುಗುಣವಾಗಿ ನಡೆದಿರಬಹುದಾದರೂ ಬಂಗಾಳ ಪ್ರಾಂತ್ಯದ ಯಾವುದೇ ಸರ್ಕಾರಿ ಶಾಲೆಯಲ್ಲಿ ಆ ಬಾಲಕನಿಗೆ ಪ್ರವೇಶ ನಿರಾಕರಣೆಯಾಗುತ್ತಿರಲಿಲ್ಲವೆಂದು ಸೂಚಿಸಲಾಯಿತು. ಬಳಿಕ ಕಂಪನಿಯ ನಿರ್ದೇಶಕ ಮಂಡಳಿ 1858ರ ಏಪ್ರಿಲ್ 28ರ ತನ್ನ ಆಜ್ಞಾಪತ್ರದಲ್ಲಿ ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು, ಈ ತತ್ತ್ವವನ್ನು ಬಿಟ್ಟುಕೊಡಲಾಗದು ಎಂದು ವಿಧಿಸಿತು. ಭಾರತದ ಮಟ್ಟಿಗೆ ಶಾಲೆಗಳಲ್ಲಿಯ ಜಾತಿ ನಿಷೇಧಕ್ಕೆ ಕಾಗದದ ಮೇಲಾದರೂ ತೆರೆ ಬಿದ್ದದ್ದು ಅಂದು.

ಈ ಆಜ್ಞೆ ಹೊರಟಾಗ ನಮ್ಮ ಮೂರು ಪಟ್ಟಣಗಳು ಮುಂಬಯಿ ಪ್ರಾಂತ್ಯದಲ್ಲಿರಲಿಲ್ಲ. ಟಿಪ್ಪುವಿನ ಪತನಾನಂತರ, 1799ರಿಂದ, ಇಡೀ ಕೆನರಾ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಜಿಲ್ಲೆಯನ್ನು ಇಬ್ಭಾಗ ಮಾಡಿ, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿಗೆ ಸೇರಿಸಿದಾಗ, ಧಾರವಾಡದ ಪ್ರಕರಣದಲ್ಲಿ ರೂಪುಗೊಂಡ ನಿಯಮವೇ ಕರಾವಳಿಗೂ ಅನ್ವಯಿಸಿತು. ಘಟ್ಟದ ಮೇಲಿನ ಹತ್ತಿ ಕುಮಟೆಯ ಬಂದರಿಗೆ ಇಳಿದು ಬರುತ್ತಿದ್ದ ಕಾಲವದು. ಹತ್ತಿಯ ಹಿಂದೆಯೇ ಮುಂಬಯಿಯ ಕಾನೂನೂ ಘಟ್ಟ ಇಳಿಯಿತೆನ್ನಬಹುದು.

ಕಾನೂನು ಇಳಿದರೂ ಮಕ್ಕಳು ಶಾಲೆಯ ಮೆಟ್ಟಿಲನ್ನು ಏರಲಿಲ್ಲ. 1881-82ರಲ್ಲಿ ಸಮಗ್ರ ಮುಂಬಯಿ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ ಓದುತ್ತಿದ್ದ ಅಸ್ಪೃಶ್ಯ ವರ್ಗದ ಮಕ್ಕಳ ಸಂಖ್ಯೆ ಕೇವಲ 2,862. ಅಂದರೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಕಾಲೇಜಿನಲ್ಲಿ ಒಬ್ಬನೂ ಇರಲಿಲ್ಲ. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗವು, ಜಾತಿಯ ಕಾರಣದಿಂದ ಯಾವ ಬಾಲಕನಿಗೂ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಬಾರದೆಂಬ ತತ್ತ್ವವನ್ನು ಪುನಃ ಎತ್ತಿಹಿಡಿಯಿತಾದರೂ, ವಿರೋಧ ಬಲವಾಗಿರುವ ಕಡೆ ಪ್ರತ್ಯೇಕ ಶಾಲೆಗಳನ್ನು ಪ್ರೋತ್ಸಾಹಿಸಬಹುದೆಂದೂ ಹೇಳಿತು. ತತ್ತ್ವವನ್ನು ಸಾರುವುದು, ಅದನ್ನು ತಪ್ಪಿಸಿಕೊಳ್ಳಲು ಪಕ್ಕದಲ್ಲೊಂದು ಕಿರುದಾರಿಯನ್ನೂ ಬಿಡುವುದು: ಮುಂದಿನ ಅರ್ಧ ಶತಮಾನದ ಕಥೆ ಬಹುಮಟ್ಟಿಗೆ ಇಷ್ಟೇ.

ಆ ಕಾಲದ ನಿಷೇಧ ಕೆಲಸ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಶಾಲೆಗೆ ಸೇರಿಸಿಕೊಳ್ಳುವುದಿಲ್ಲವೆಂದು ಬಾಯಿಬಿಟ್ಟು ಹೇಳಬೇಕಾದ ಅಗತ್ಯ ಹೆಚ್ಚಿನ ಕಡೆ ಬೀಳುತ್ತಿರಲಿಲ್ಲ. ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಂಡು ಮಗುವನ್ನು ಜಗಲಿಯಲ್ಲಿ ಕೂರಿಸಿದರೆ ನಿಯಮ ಪಾಲನೆಯಾದಂತೆಯೇ ಆಗುತ್ತಿತ್ತು. ಸಾತಾರೆಯ ಶಾಲೆಯಲ್ಲಿ ಓದುತ್ತಿದ್ದ ಬಾಲಕ ಭೀಮರಾವ್ ಅಂಬೇಡ್ಕರರು ತಾವು ಕೂರುವ ಗೋಣಿಯನ್ನು ಮನೆಯಿಂದಲೇ ಒಯ್ಯಬೇಕಾಗಿತ್ತು. ಜವಾನನು ಮೇಲಿನಿಂದ ನೀರು ಹೊಯ್ಯದಿದ್ದ ದಿನ ನೀರಡಿಕೆಯಲ್ಲೇ ಕಳೆಯಬೇಕಾಗಿತ್ತು. ಇನ್ನೊಂದು ತೊಡಕು ಕಟ್ಟಡದ್ದು. ಹಳ್ಳಿಗಳಲ್ಲಿ ಶಾಲೆಗೆ ಸ್ವಂತ ಕಟ್ಟಡವಿರುವುದು ಅಪರೂಪವಾಗಿದ್ದುದರಿಂದ ಪಾಠಗಳು ದೇವಾಲಯದ ಪೌಳಿಯಲ್ಲಿಯೋ ಛತ್ರದಲ್ಲಿಯೋ ಗೃಹಸ್ಥರೊಬ್ಬರ ಮನೆಯ ಚಾವಡಿಯಲ್ಲಿಯೋ ನಡೆಯುತ್ತಿದ್ದವು. ಶಾಲೆ ಸರ್ಕಾರದ್ದು, ಸ್ಥಳ ದೇವರದು. ಕಾನೂನಿನ ಪ್ರಕಾರ ಶಾಲೆಗೆ ಬರಬಹುದಾದ ಮಗು ಸ್ಥಳದ ಕಟ್ಟಳೆಯ ಪ್ರಕಾರ ಅಂಗಳದಾಚೆಯೇ ನಿಲ್ಲಬೇಕಾಗುತ್ತಿತ್ತು. ಧರ್ಮಸ್ಥಳವೊಂದರ ಔದಾರ್ಯವೇ ಮಗುವೊಂದರ ಪಾಲಿಗೆ ಅಡ್ಡಗೋಡೆಯಾದ ಈ ಸಂಗತಿಯನ್ನು ದೇವಾಲಯ, ಬಸದಿಗಳ ಆಡಳಿತ ನಡೆಸುವವರು ಇಂದಿಗೂ ಯೋಚಿಸಬೇಕಾದದ್ದಿದೆ.

ಕರಾವಳಿಯಲ್ಲಿ ಇದಕ್ಕೆ ದೂರವೆಂಬ ಮತ್ತೊಂದು ಅಡ್ಡಿ ಕೂಡಿಕೊಂಡಿತು. ಇಲ್ಲಿಯ ಊರುಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿಲ್ಲ. ಗದ್ದೆ, ತೋಟ, ಹೊಳೆಗಳ ನಡುವೆ ಮನೆಗಳು ಚದುರಿವೆ. ಶರಾವತಿಯನ್ನೋ ಅಘನಾಶಿನಿಯನ್ನೋ ದೋಣಿಯಲ್ಲಿ ದಾಟಿ, ಮಳೆಗಾಲದಲ್ಲಿ ಕೆಸರು ತುಳಿದು ಶಾಲೆಗೆ ಬರುವುದು ಉಳ್ಳವರ ಮಕ್ಕಳಿಗೇ ಕಷ್ಟವಾಗಿತ್ತು. ಒಡೆಯರ ಗದ್ದೆಯಲ್ಲಿ ದುಡಿಯುತ್ತಿದ್ದ ಮುಕ್ರಿ, ಆಗೇರ, ಹಳ್ಳೇರ ಮೊದಲಾದ ಸಮುದಾಯಗಳ ಮಕ್ಕಳಿಗೆ ಅಂತಹ ಶಾಲೆ ಇದ್ದೂ ಇಲ್ಲದಂತೆಯೇ. ತಂದೆತಾಯಿಗಳ ದುಡಿಮೆ ಸಾಲಕ್ಕೆ ಒತ್ತೆಯಾಗಿರುವಾಗ ಮಗುವಿನ ಕೈಯೂ ದುಡಿಮೆಗೆ ಬೇಕಾಗುತ್ತದೆ. ಅಲ್ಲಿ ನಿಷೇಧದ ಫಲಕವನ್ನು ಯಾರೂ ತೂಗುಹಾಕಬೇಕಾಗಿರಲಿಲ್ಲ.

1923ರ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆಯವರು ಮಂಡಿಸಿದ ನಿರ್ಣಯವು ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ಔಷಧಾಲಯಗಳೆಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಸಾರಿತು. ಮುಂದೆ ಮಹಾಡಿನ ಕೆರೆಯ ಸತ್ಯಾಗ್ರಹಕ್ಕೆ ಆಧಾರವಾದುದು ಇದೇ ನಿರ್ಣಯ. 1926ರಲ್ಲಿ, ಇದನ್ನು ಪಾಲಿಸದ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ತಡೆಯಬೇಕೆಂಬ ಇನ್ನೊಂದು ನಿರ್ಣಯವೂ ಬಂದಿತು. ಹಣದ ಮಾತು ಬಂದ ಮೇಲೆಯೇ ಹಲವು ಸಂಸ್ಥೆಗಳಿಗೆ ತತ್ತ್ವ ಅರ್ಥವಾಗತೊಡಗಿತೆಂದರೆ ಅತಿಶಯೋಕ್ತಿಯಾಗದು. 1928ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ನೀಡಿದ ಹೇಳಿಕೆಯಲ್ಲಿ ಅಂಬೇಡ್ಕರರು ಧಾರವಾಡದ ಆ ಬಾಲಕನ ಪ್ರಕರಣವನ್ನು ಮತ್ತೆ ಬೆಳಕಿಗೆ ತಂದರು. ಎಪ್ಪತ್ತೆರಡು ವರ್ಷಗಳ ಬಳಿಕ ಅವನ ಅರ್ಜಿ ಇನ್ನೊಮ್ಮೆ ವಿಚಾರಣೆಗೆ ಬಂದಂತಾಯಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಮುಂಬಯಿ ಪ್ರಾಂತ್ಯವು ಹರಿಜನರ ಸಾಮಾಜಿಕ ನಿರ್ಬಂಧಗಳನ್ನು ತೊಡೆಯುವ ಕಾನೂನನ್ನೂ 1947ರಲ್ಲಿ ದೇವಾಲಯ ಪ್ರವೇಶದ ಕಾನೂನನ್ನೂ ತಂದಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 29ನೆಯದರ ಎರಡನೆಯ ಖಂಡವು ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಕೇವಲ ಮತ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದ ಪ್ರವೇಶ ನಿರಾಕರಿಸುವುದನ್ನು ನಿಷೇಧಿಸಿತು.

ಇಲ್ಲಿ ಜೈನ ಸಮಾಜಕ್ಕೆ ನೇರವಾಗಿ ತಟ್ಟಿದ ಒಂದು ಪ್ರಸಂಗವನ್ನು ಮರೆಯುವಂತಿಲ್ಲ. ಮುಂಬಯಿಯ ದೇವಾಲಯ ಪ್ರವೇಶ ಕಾನೂನು ಜಿನಮಂದಿರಗಳಿಗೂ ಅನ್ವಯಿಸುವುದೇ ಎಂಬ ವಿವಾದ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ಎದ್ದಿತು. ಆಚಾರ್ಯ ಶಾಂತಿಸಾಗರ ಮಹಾರಾಜರು ಅನ್ನಾಹಾರವನ್ನು ತ್ಯಜಿಸಿದ್ದು ಇದೇ ಸಂದರ್ಭದಲ್ಲಿ. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ, ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ, ಸವರ್ಣ ಹಿಂದೂಗಳಿಗೆ ಹಕ್ಕಾಗಿ ಇಲ್ಲದ ಪ್ರವೇಶವು ಜೈನ ಮಂದಿರದಲ್ಲಿ ಹರಿಜನ ಹಿಂದೂಗಳಿಗೆ ಆ ಕಾನೂನಿನಿಂದ ಲಭಿಸದೆಂದು ತೀರ್ಪಿತ್ತಿತು. ತೀರ್ಪಿನ ವ್ಯಾಪ್ತಿ ಇಷ್ಟೇ. ಜೈನಧರ್ಮದ ಪ್ರತ್ಯೇಕ ಅಸ್ತಿತ್ವವನ್ನು ಅದು ಗುರುತಿಸಿತೇ ಹೊರತು, ಅಸ್ಪೃಶ್ಯತೆಯ ಆಚರಣೆಗೆ ಯಾವ ಸಮಾಜಕ್ಕೂ ರಿಯಾಯಿತಿ ಕೊಡಲಿಲ್ಲ. ಪೂಜಾಸ್ಥಳದ ಕುರಿತ ಈ ಮಾತನ್ನು ಪಾಠಶಾಲೆಗೂ ವಿದ್ಯಾರ್ಥಿನಿಲಯಕ್ಕೂ ಎಳೆದು ತರುವವರು ತೀರ್ಪನ್ನು ಓದದೆಯೇ ಅದರ ಹೆಸರು ಹೇಳುವವರು. ಜಾತಿಯ ಮೇಲು ಕೀಳನ್ನು ಆತ್ಮಕ್ಕೆ ಅಂಟಿಸದ ದರ್ಶನವನ್ನು ಪರಂಪರೆಯಾಗಿ ಪಡೆದವರಿಗೆ ಅಂತಹ ಆಸರೆಯ ಅಗತ್ಯವೂ ಇರಬೇಕಾಗಿಲ್ಲ.

ಇದೇ ವರ್ಷಗಳಲ್ಲಿ ಅಮೆರಿಕೆಯಲ್ಲಿಯೂ ಶಾಲೆಯ ಬಾಗಿಲು ನ್ಯಾಯಾಲಯವನ್ನು ಮುಟ್ಟಿತ್ತು. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಸೌಕರ್ಯವಿದ್ದರೂ ಅವು ಸಮಾನವಾಗಿದ್ದರೆ ಸಾಕೆಂದು 1896ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಕ್ಯಾನ್ಸಸ್ ರಾಜ್ಯದ ಟೊಪೀಕಾ ನಗರದ ಆಲಿವರ್ ಬ್ರೌನ್ ಎಂಬುವರು, ಮನೆಗೆ ಹತ್ತಿರದ ಶಾಲೆಯಲ್ಲಿ ಮಗಳಿಗೆ ಪ್ರವೇಶ ದೊರೆಯದಾಗ, ಇತರ ಪಾಲಕರೊಡನೆ ಸೇರಿ ಹೂಡಿದ ಮೊಕದ್ದಮೆಯಲ್ಲಿ 1954ರ ಮೇ 17ರಂದು ಅದೇ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಆ ವಾದವನ್ನು ಶಾಲೆಗಳ ಮಟ್ಟಿಗೆ ತಳ್ಳಿಹಾಕಿದರು. ಬೇರ್ಪಡಿಸಿದ ಶಾಲೆ ಎಷ್ಟೇ ಚೆನ್ನಾಗಿದ್ದರೂ ಬೇರ್ಪಡಿಸುವಿಕೆಯೇ ಮಗುವಿನ ಮನಸ್ಸಿಗೆ ಕೀಳರಿಮೆಯ ಗಾಯವನ್ನು ಮಾಡುತ್ತದೆಂಬುದು ತೀರ್ಪಿನ ಜೀವಾಳ. ಜಗಲಿಯಲ್ಲಿ ಗೋಣಿಯ ಮೇಲೆ ಕುಳಿತ ಮಗುವಿಗೆ ಇದನ್ನು ಯಾವ ನ್ಯಾಯಾಲಯವೂ ವಿವರಿಸಬೇಕಾಗಿರಲಿಲ್ಲ.

ತೀರ್ಪನ್ನು ಜಾರಿಗೊಳಿಸುವ ಕ್ರಮವನ್ನು ಕುರಿತ ಎರಡನೆಯ ಆದೇಶ 1955ರ ಮೇ 31ರಂದು ಹೊರಬಂದಿತು. ಅದರಲ್ಲಿ ಗಡುವಿರಲಿಲ್ಲ, ಸಾವಧಾನದ ತ್ವರೆಯೆಂಬಂತಹ ಎರಡು ಅರ್ಥದ ಮಾತಿತ್ತು. ಭಾರತದಲ್ಲಿ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮ ಜಾರಿಗೆ ಬಂದುದು ಅದರ ಮರುದಿನವೇ, 1955ರ ಜೂನ್ 1ರಂದು. ಅದರ 5ನೆಯ ಪ್ರಕರಣವು ಅಸ್ಪೃಶ್ಯತೆಯ ಕಾರಣದಿಂದ ಆಸ್ಪತ್ರೆ, ವಿದ್ಯಾಸಂಸ್ಥೆ, ಅದರ ವಿದ್ಯಾರ್ಥಿನಿಲಯಗಳಲ್ಲಿ ಪ್ರವೇಶ ನಿರಾಕರಿಸುವುದನ್ನು ದಂಡನೀಯ ಅಪರಾಧವನ್ನಾಗಿ ಮಾಡಿತು. ಆರು ತಿಂಗಳವರೆಗೆ ಸೆರೆ ಅಥವಾ ಐನೂರು ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. 1976ರಲ್ಲಿ ಇದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂದು ಹೆಸರು ಬದಲಿಸಲಾಯಿತು. ಅಮೆರಿಕೆಯಲ್ಲಿ 1957ರಲ್ಲಿ ಲಿಟ್ಲ್ ರಾಕ್ ಪಟ್ಟಣದ ಶಾಲೆಗೆ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಸೇರಿಸಲು ಸೈನ್ಯವನ್ನೇ ಕಳುಹಿಸಬೇಕಾಯಿತು; ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಕೂಡಿಸಿ ಕಲಿಸುವುದಕ್ಕಿಂತ ಮುಚ್ಚುವುದೇ ಲೇಸೆಂದು 1959ರಿಂದ 1964ರವರೆಗೆ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿದರು. ಇಲ್ಲಿ ಸೈನ್ಯ ಬರಲಿಲ್ಲ, ಶಾಲೆಗಳೂ ಮುಚ್ಚಲಿಲ್ಲ. ಅದನ್ನು ನಮ್ಮ ಹೆಚ್ಚುಗಾರಿಕೆಯೆಂದು ಎಣಿಸುವ ಮೊದಲು ಜಗಲಿಯ ಉಪಾಯವನ್ನು ನೆನೆಯಬೇಕು.

ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇದ್ದಾಗ ಈ ಎಲ್ಲ ಕಾನೂನುಗಳೂ ಬಂದವು. 1956ರ ನವೆಂಬರ್ 1ರಂದು ಅದು ವಿಶಾಲ ಮೈಸೂರಿಗೆ ಸೇರಿತು. ಇಲ್ಲಿ ಕಾನೂನಿಗೆ ಕಾಲು ಕೊಟ್ಟವರಲ್ಲಿ ದಿನಕರ ದೇಸಾಯಿಯವರ ಹೆಸರು ಮೊದಲು ಬರುತ್ತದೆ. ರೈತರ ಚಳವಳಿಯ ಕಾರಣ ಜಿಲ್ಲೆಯಿಂದ ಗಡೀಪಾರಾಗಿದ್ದ ಅವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ, ಭಟ್ಕಳ ತಾಲೂಕಿನ ಶಿರಾಲಿ, ಕುಮಟಾ ತಾಲೂಕಿನ ಮಿರ್ಜಾನದಂತಹ ಊರುಗಳಿಗೆ ಪ್ರೌಢಶಾಲೆಗಳನ್ನು ಒಯ್ದರು. ಗೇಣಿದಾರರ, ಮೀನುಗಾರರ, ಕೂಲಿಕಾರರ ಮಕ್ಕಳಿಗೆ ನಡೆದು ತಲುಪುವಷ್ಟು ಸಮೀಪದಲ್ಲಿ ಶಾಲೆ ಬಂದಿತು. ಭಟ್ಕಳದಲ್ಲಿ ನವಾಯತ ಮುಸಲ್ಮಾನರು 1919ರಲ್ಲಿಯೇ ಅಂಜುಮನ್ ಸಂಸ್ಥೆಯನ್ನು ಕಟ್ಟಿದ್ದು ಬೇರೆಯ ಕಥೆ. ಸಮುದಾಯವೊಂದು ತನ್ನ ಮಕ್ಕಳಿಗಾಗಿ ಕಟ್ಟುವ ಶಾಲೆಗೂ ಇನ್ನೊಬ್ಬರ ಮಕ್ಕಳನ್ನು ದೂರವಿಡುವ ಶಾಲೆಗೂ ಇರುವ ಅಂತರ ಅಲ್ಲಿ ಗಮನಾರ್ಹ.

ಆ ಅಂತರ ಈಗ ಜೈನ ಸಂಸ್ಥೆಗಳ ಮುಂದೆಯೂ ಬಂದಿದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಮೇಲೆ, ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸಲು 30ನೆಯ ಅನುಚ್ಛೇದ ಕೊಡುವ ಹಕ್ಕನ್ನು ಟ್ರಸ್ಟುಗಳು ಸಹಜವಾಗಿಯೇ ನೆಚ್ಚುತ್ತಿವೆ. ಸ್ವಸಮಾಜದ ಮಕ್ಕಳಿಗೆ ಆದ್ಯತೆ ನೀಡಲು ಅದರಲ್ಲಿ ಎಡೆಯಿದೆ. 17ನೆಯ ಅನುಚ್ಛೇದದಲ್ಲಿ ಮಾತ್ರ ಅಲ್ಪಸಂಖ್ಯಾತರಿಗೂ ಬಹುಸಂಖ್ಯಾತರಿಗೂ ವಿನಾಯಿತಿಯಿಲ್ಲ.

ಜಗಲಿಯ ಪ್ರಶ್ನೆ ಈಗ ಊಟದ ಪಂಕ್ತಿಗೆ ಸರಿದಿದೆ. ಕರ್ನಾಟಕದ ಶಾಲೆಗಳಲ್ಲಿ ಅಕ್ಷರ ದಾಸೋಹ ಯೋಜನೆಯ ಬಿಸಿಯೂಟ ಆರಂಭವಾದ ಮೇಲೆ, ಅಡುಗೆಯವರ ಜಾತಿಯನ್ನು ನೋಡಿ ಮಕ್ಕಳನ್ನು ಊಟದಿಂದ ತಡೆದ ಪಾಲಕರ ಸುದ್ದಿಗಳು ರಾಜ್ಯದ ಹಲವು ಕಡೆಗಳಿಂದ ಬಂದಿವೆ. 2004ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, ಬಿಸಿಯೂಟದ ಅಡುಗೆಯವರ, ಸಹಾಯಕರ ನೇಮಕದಲ್ಲಿ ದಲಿತರಿಗೆ ಹಾಗೂ ಪರಿಶಿಷ್ಟ ವರ್ಗಗಳವರಿಗೆ ಆದ್ಯತೆ ನೀಡಬೇಕೆಂದು ಆದೇಶಿಸಿತು. 1856ರಲ್ಲಿ ಧಾರವಾಡದ ಇತರ ಪಾಲಕರು ಮಕ್ಕಳನ್ನು ಬಿಡಿಸಿಕೊಂಡಾರೆಂಬ ಭಯಕ್ಕೆ ಸರ್ಕಾರ ಮಣಿದಿತ್ತು. ಈ ಆದೇಶದಲ್ಲಿ ಅಂತಹ ಭಯಕ್ಕೆ ಸ್ಥಾನವಿರಲಿಲ್ಲ.