ಫೀಸಿಲ್ಲದ ವಕಾಲತ್ತು: ದಕ್ಷಿಣ ಕನ್ನಡದಲ್ಲಿ ವಕೀಲಿಕೆ, ಸೇವೆ ಮತ್ತು ಮನ್ನಣೆ

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಬೆಂಗಳೂರಿನ ಸದಾಶಿವನಗರಕ್ಕೆ ಆ ಹೆಸರು ಬಂದದ್ದು ಕಾರ್ನಾಡ್ ಸದಾಶಿವರಾಯರಿಂದ. ಇಬ್ಬರೂ ಮಂಗಳೂರಿನ ವಕೀಲರು. ಆದರೆ ಇಬ್ಬರಿಗೂ ಮನ್ನಣೆ ದೊರೆತದ್ದು ವಕೀಲಿಕೆಯ ಹೊರಗಿನ ಕೆಲಸಕ್ಕೆ. ರಂಗರಾಯರು (1859–1928) 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು, ದಲಿತ ಮಕ್ಕಳಿಗೆ ಶಾಲೆಗಳನ್ನು ತೆರೆದರು, ಅದಕ್ಕಾಗಿ ತಮ್ಮ ಜಾತಿಯವರ ಬಹಿಷ್ಕಾರವನ್ನೂ ಉಂಡರು. ಸದಾಶಿವರಾಯರು (1881–1937) ಸ್ವಾತಂತ್ರ್ಯ ಚಳವಳಿಗೆ ಆಸ್ತಿಯನ್ನೆಲ್ಲ ಸುರಿದು ಬರಿಗೈಯಾದರು. ರಂಗರಾಯರನ್ನು ಬಡವರ ವಕೀಲರೆಂದು ಜನ ಕರೆಯುತ್ತಿದ್ದರೆಂಬ ಮಾತು ಅವರ ಜೀವನಚರಿತ್ರೆಗಳಲ್ಲಿ ಒಂದು ಸಾಲಾಗಿ ಬಂದು ಹೋಗುತ್ತದೆ. ಯಾವ ದಾವೆ, ಯಾರ ಪರವಾಗಿ, ಯಾವ ಕೋರ್ಟಿನಲ್ಲಿ ಎಂದು ಕೇಳಿದರೆ ಆ ಸಾಲು ಮುಂದೆ ಹೋಗುವುದಿಲ್ಲ.

ಇದು ಜೀವನಚರಿತ್ರೆಕಾರರ ಅಸಡ್ಡೆಯಲ್ಲ. ಕೋರ್ಟಿನ ಕಡತದ ಸ್ವಭಾವವೇ ಹಾಗೆ. ವಕಾಲತ್ತುನಾಮೆಯಲ್ಲಿ ಕಕ್ಷಿದಾರನ ಹೆಸರು, ವಕೀಲರ ರುಜು, ಅಂಟಿಸಿದ ಸ್ಟಾಂಪು ಎಲ್ಲ ಇರುತ್ತವೆ. ಫೀಸು ಕೊಟ್ಟನೇ, ಕೊಡದೆ ಎರಡು ತೆಂಗಿನಕಾಯಿ ಇಟ್ಟು ಹೋದನೇ ಎಂಬುದು ಇರುವುದಿಲ್ಲ. ತೀರ್ಪಿನಲ್ಲಂತೂ ಆ ಪ್ರಶ್ನೆಯೇ ಏಳದು. ಹೀಗಾಗಿ ಒಂದು ಊರಿನ ವಕೀಲ ಸಮುದಾಯ ಬಡವರಿಗಾಗಿ ಏನು ಮಾಡಿತು ಎಂಬುದನ್ನು ಹುಡುಕಹೊರಟವರಿಗೆ ಕೋರ್ಟಿನ ದಾಖಲೆ ಕೋಣೆಯಲ್ಲಿ ಸಿಗುವುದು ಅಲ್ಪ. ಮನ್ನಣೆಯ ಇತಿಹಾಸ ಈ ಕೊರತೆಯ ಮೇಲೆಯೇ ನಿಂತಿದೆ ಎಂಬುದು ಈ ಲೇಖನದ ವಾದ.

ಕಾನೂನು ಬಡವನನ್ನು ಗುರುತಿಸಿದ್ದು ಮೊದಲಿಗೆ ಕೋರ್ಟು ಶುಲ್ಕದ ಮಟ್ಟಿಗೆ ಮಾತ್ರ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಂತೆ ಶುಲ್ಕ ಕಟ್ಟಲಾರದವನು ಪಾಪರ್ ದಾವೆ ಹೂಡಬಹುದಿತ್ತು. 1976ರ ತಿದ್ದುಪಡಿಯಲ್ಲಿ ಪಾಪರ್ ಹೋಗಿ ನಿರ್ಗತಿಕ ವ್ಯಕ್ತಿ ಬಂದ. ಶುಲ್ಕ ಮಾಫಿಯಾದರೂ ವಾದ ಮಾಡುವವರು ಯಾರು? 1898ರ ದಂಡ ಪ್ರಕ್ರಿಯಾ ಸಂಹಿತೆ ಆರೋಪಿಗೆ ವಕೀಲನನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿತ್ತು, ವಕೀಲನನ್ನು ಕೊಟ್ಟಿರಲಿಲ್ಲ. ಸೆಷನ್ಸ್ ವಿಚಾರಣೆಯಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ನೇಮಿಸಬೇಕೆಂಬ ನಿಯಮ ಸಂಹಿತೆಯೊಳಗೆ ಬಂದದ್ದು 1973ರಲ್ಲಿ, 304ನೇ ಕಲಮಿನ ಮೂಲಕ. ಅದುವರೆಗೂ ಬಹುಪಾಲು ನಡೆದದ್ದು ವಕೀಲರ ದಾಕ್ಷಿಣ್ಯದ ಮೇಲೆ.

ಶುಲ್ಕದಷ್ಟೇ ಕಾಡಿದ್ದು ದೂರ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಪುತ್ತೂರಿನ ಗೇಣಿದಾರನ ಮೊಕದ್ದಮೆ ಎರಡನೇ ಅಪೀಲಿಗೆ ಹೋದರೆ ಅದು ಉಪಖಂಡದ ಆಚೆ ಕರಾವಳಿಗೆ ಹೋದಂತೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರಿಗೆ ಸೇರಿ ಹೈಕೋರ್ಟು ಬೆಂಗಳೂರಾಯಿತು. ಅದೇ ದಿನ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರು ಎರ್ನಾಕುಲಂ ಕಡೆ ಮುಖ ಮಾಡಬೇಕಾಯಿತು. 2008ರ ಜುಲೈಯಲ್ಲಿ ಧಾರವಾಡ ಮತ್ತು ಗುಲ್ಬರ್ಗಾದಲ್ಲಿ ಸಂಚಾರಿ ಪೀಠಗಳು ಶುರುವಾಗಿ 2013ರಲ್ಲಿ ಕಾಯಂ ಆದವು. ಕಾರವಾರದವರಿಗೆ ಧಾರವಾಡ ಹತ್ತಿರವಾಯಿತು. ಮಂಗಳೂರು, ಉಡುಪಿಯವರು ಇಂದಿಗೂ ಘಟ್ಟ ಹತ್ತಿ ಬೆಂಗಳೂರಿಗೆ 350ರಿಂದ 400 ಕಿಲೋಮೀಟರು ಹೋಗಬೇಕು.

ಈ ಜಿಲ್ಲೆಯಲ್ಲಿ ನ್ಯಾಯದ ಬಾಗಿಲು ನಿಜವಾಗಿ ಅಗಲವಾದದ್ದು ವಕೀಲರನ್ನು ಹೊರಗಿಟ್ಟು ಎಂಬುದು ವಕೀಲ ಮಿತ್ರರಿಗೆ ಅಷ್ಟು ರುಚಿಸದ ಸಂಗತಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಜಮೀನನ್ನು ಸರ್ಕಾರದಲ್ಲಿ ವಿಹಿತಗೊಳಿಸಿ, ಉಳುವವನು ಅರ್ಜಿ ಹಾಕಿದರೆ ಅವನಿಗೇ ಕೊಡುವ ವ್ಯವಸ್ಥೆ ಮಾಡಿತು. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿಗಳ (ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ) ನಾಡಾದ ದಕ್ಷಿಣ ಕನ್ನಡದಲ್ಲಿ ಫಾರಂ 7ರ ಅರ್ಜಿಗಳು ರಾಶಿ ಬಿದ್ದವು. ಕರಾವಳಿಯ ಆಡುಮಾತಿನಲ್ಲಿ ಅದು ‘ಡಿಕ್ಲರೇಶನ್’. ಅರ್ಜಿಗಳನ್ನು ತೀರ್ಮಾನಿಸಿದ್ದು ಭೂ ನ್ಯಾಯಮಂಡಳಿ: ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಕಾಯ್ದೆಯ 48(8)ನೇ ಕಲಮು ವಕೀಲರು ಮಂಡಳಿಯ ಮುಂದೆ ನಿಲ್ಲಕೂಡದೆಂದು ಹೇಳಿತು.

ಇದರ ಹಿಂದಿನ ತರ್ಕ ಸರಳ. ಧಣಿ ದೊಡ್ಡ ವಕೀಲರನ್ನು ತರಬಲ್ಲ, ಒಕ್ಕಲು ತರಲಾರ. ಇಬ್ಬರಿಗೂ ಬೇಡವೆಂದರೆ ತಕ್ಕಡಿ ಸಮವಾಗುತ್ತದೆ. ಚಾಲಗೇಣಿಯ ಒಕ್ಕಲಿನ ಕೈಯಲ್ಲಿ ಎಷ್ಟೋ ಸಲ ಒಂದು ಗೇಣಿ ರಶೀದಿಯೂ ಇರುತ್ತಿರಲಿಲ್ಲ. ಸಿವಿಲ್ ಕೋರ್ಟಿನ ಸಾಕ್ಷ್ಯ ನಿಯಮಗಳ ಪ್ರಕಾರ ಅಂಥವನು ಗೆಲ್ಲುವುದು ಕಷ್ಟವಿತ್ತು. ಅಕ್ಕಪಕ್ಕದವರ ಮಾತು ಕೇಳಿ ತೀರ್ಮಾನಿಸುವ ಮಂಡಳಿಯಲ್ಲಿ ಗೆದ್ದವರು ಬಹಳ. ಹಾಗೆಂದು ವಕೀಲರಿಗೆ ಕೆಲಸವೇ ಇರಲಿಲ್ಲವೆಂದಲ್ಲ. ಅರ್ಜಿ ಬರೆಯಲು, ಅಡಂಗಲ್ಲು ತೆಗೆಸಲು, ಹೇಳಿಕೆ ಹೇಗೆ ಕೊಡಬೇಕೆಂದು ತಿಳಿಸಲು ಯಾವ ಕಲಮೂ ಅಡ್ಡ ಬರುತ್ತಿರಲಿಲ್ಲ. ವಕೀಲರ ಹೆಸರು ಯಾವ ಕಾಗದದಲ್ಲೂ ಬೀಳದ ಕೆಲಸ ಇದು, ಇತಿಹಾಸಕಾರನ ದುರದೃಷ್ಟ. 1987ರಲ್ಲಿ ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ನಿಷೇಧವನ್ನು ತಳ್ಳಿಹಾಕಿತು. ಆ ಹೊತ್ತಿಗೆ ಅರ್ಜಿ ಸಲ್ಲಿಸುವ ಗಡುವು ಮುಗಿದು ವರ್ಷಗಳಾಗಿದ್ದವು.

ಅದೇ 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಅದಕ್ಕೆ ಮುಂಚೆ ಸಂವಿಧಾನದ 42ನೇ ತಿದ್ದುಪಡಿ ಉಚಿತ ಕಾನೂನು ನೆರವಿನ 39ಎ ವಿಧಿಯನ್ನು ಸೇರಿಸಿತ್ತು. ಹುಸೇನಾರಾ ಖಾತೂನ್ (1979), ಸುಕ್ ದಾಸ್ (1986) ತೀರ್ಪುಗಳು ಉಚಿತ ವಕೀಲರನ್ನು ಹಕ್ಕಿನ ಮಟ್ಟಕ್ಕೆ ಏರಿಸಿದ್ದವು. ಕಾಯ್ದೆ ಜಾರಿಗೆ ಬರುವಾಗ 1995ರ ನವೆಂಬರ್ 9 ಆಯಿತು. ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ಸಮಿತಿ, ಲೋಕ ಅದಾಲತ್ತು ಈಗ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಈ ನೆರವಿಗೆ ಆದಾಯದ ಲೆಕ್ಕವಿಲ್ಲದೆ ಅರ್ಹರು. ಸಂಶೋಧಕನ ಕಣ್ಣಿಗೆ ಬೀಳುವ ಬದಲಾವಣೆ ಬೇರೆ: ಬಡವನ ಪರ ವಾದಿಸಿದ ವಕೀಲನ ಹೆಸರು ಒಂದು ಪಟ್ಟಿಗೆ ಸೇರಿತು. ಪ್ಯಾನೆಲ್ ವಕೀಲರಿಗೆ ನೇಮಕ ಪತ್ರವಿದೆ, ಗೌರವಧನವಿದೆ, ಕಡತವಿದೆ. ಗೌರವಧನದ ಗಾತ್ರ ನೋಡಿದರೆ ಆ ಹೆಸರಿನಲ್ಲಿ ಧನಕ್ಕಿಂತ ಗೌರವಕ್ಕೇ ಹೆಚ್ಚು ಜಾಗ.

ವೃತ್ತಿಯೊಳಗಿನ ಏಣಿ ಮಾತ್ರ ಬಹುಕಾಲ ಈ ಸೇವೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 1961ರ ವಕೀಲರ ಕಾಯ್ದೆಯ 16ನೇ ಕಲಮು ಹಿರಿಯ ವಕೀಲರ ಪದವಿಗೆ ಕೇಳುವುದು ಸಾಮರ್ಥ್ಯ, ವೃತ್ತಿಯಲ್ಲಿನ ಸ್ಥಾನಮಾನ, ಕಾನೂನಿನಲ್ಲಿ ವಿಶೇಷ ಜ್ಞಾನ ಅಥವಾ ಅನುಭವ. ಸೇವೆ ಎಂಬ ಮಾತಿಲ್ಲ. ಇಂದಿರಾ ಜೈಸಿಂಗ್ ಪ್ರಕರಣದ 2017ರ ತೀರ್ಪು ನೂರು ಅಂಕಗಳ ಮಾಪನ ತಂದಾಗ, ತೀರ್ಪುಗಳಲ್ಲಿ ಕಾಣುವ ವಾದ ಮತ್ತು ವಿಷಯ ಪರಿಣತಿಯ ಜೊತೆ ಫೀಸಿಲ್ಲದೆ ನಡೆಸಿದ ಮೊಕದ್ದಮೆಗಳನ್ನೂ ಸೇರಿಸಿ ಒಟ್ಟು 40 ಅಂಕ ಇಟ್ಟಿತು. ಸೇವೆಗೆಂದೇ ಪ್ರತ್ಯೇಕ ಅಂಕ ಇರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಅಂಕಪದ್ಧತಿಯನ್ನೇ ಕೈಬಿಟ್ಟಿತು. ಅಂಕ ಇದ್ದಾಗಲೂ ವರದಿಯಾದ ತೀರ್ಪಿಗಿದ್ದ ತೂಕ, ತಾಲ್ಲೂಕು ಕೋರ್ಟಿನಲ್ಲಿ ರಾಜಿಯಲ್ಲಿ ಮುಗಿಸಿದ ಜೀವನಾಂಶದ ಅರ್ಜಿಗೆ ಬರುವಂತಿರಲಿಲ್ಲ. ಬಡವರ ವ್ಯಾಜ್ಯ ಹೆಚ್ಚಾಗಿ ಮುಗಿಯುವುದು ಕೆಳಗಿನ ಕೋರ್ಟಿನಲ್ಲಿ, ಯಾವ ವರದಿಯೂ ಆಗದೆ. ಆದ್ದರಿಂದ ಮನ್ನಣೆಯನ್ನು ಮೇಲಿನ ಕೋರ್ಟಿನ ಕಾಗದ ನೋಡಿ ಅಳೆಯುವ ಯಾವ ಪದ್ಧತಿಯೂ ಈ ಕೆಲಸವನ್ನು ಕಾಣಲಾರದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಮದ್ದು ಜಿಲ್ಲಾ, ತಾಲ್ಲೂಕು ವಕೀಲರ ಸಂಘಗಳ ಕೈಯಲ್ಲಿದೆ: ಸದಸ್ಯರು ಫೀಸಿಲ್ಲದೆ ನಡೆಸಿದ ಪ್ರಕರಣಗಳಿಗೆ ಒಂದು ರಿಜಿಸ್ಟರು ಇಟ್ಟರೆ ಸಾಕು.

ಹಿಂದಿನದಕ್ಕೆ ಉಳಿದಿರುವ ಆಕರ ಖಾಸಗಿ ಕಾಗದಗಳು. ವಕೀಲರ ಡೈರಿ, ಗುಮಾಸ್ತರು ಬರೆದಿಟ್ಟ ಫೀಸಿನ ಲೆಕ್ಕದ ಪುಸ್ತಕ, ಕಕ್ಷಿದಾರರ ಕಾರ್ಡುಗಳು; ಯಾರಿಂದ ಏನೂ ಬರಲಿಲ್ಲ ಎಂಬುದು ತಿಳಿಯುವುದು ಆ ಪುಸ್ತಕಗಳ ಖಾಲಿ ಅಂಕಣಗಳಿಂದಲೇ. ಮಂಗಳೂರು, ಉಡುಪಿ, ಪುತ್ತೂರು, ಕಾಸರಗೋಡಿನ ಹಳೆಯ ವಕೀಲ ಮನೆತನದವರು ಇಂಥ ಕಟ್ಟುಗಳನ್ನು ರದ್ದಿಗೆ ಹಾಕುವ ಮುಂಚೆ ರಾಜ್ಯ ಪತ್ರಾಗಾರ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ತಿಳಿಸಬೇಕೆಂದು ಕೋರುತ್ತೇನೆ.