ಕಲೆಯ ಆಳ: ಚರ್ಮಕಸಿಯ ನಂತರದ ಅಲ್ಟ್ರಾಸೌಂಡ್ ಪರೀಕ್ಷೆಯ ಚರಿತ್ರೆ ಮತ್ತು ಯಾದಗಿರಿ ಸೀಮೆ

ಪುನರ್ರಚನಾ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಚರ್ಮವನ್ನು ಬಿಡಿಸಿ ಕೂಡಿಸುವ ಕೈ ಬಹು ಹಿಂದೆಯೇ ಪಳಗಿತ್ತಾದರೂ, ಕೂಡಿಸಿದ ಜಾಗದಲ್ಲಿ ಉಳಿಯುವ ಕಲೆಯನ್ನು ಅಳೆಯುವ ಕೆಲಸ ಬಹುಕಾಲ ಕಣ್ಣಂದಾಜಿನಲ್ಲೇ ನಡೆಯಿತು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪ್ರಕಟಿಸಿದ ಪತ್ರವೊಂದರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪಡೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದನು. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಮೂಗಿನ ಅಳತೆಗೆ ಮಾಡಿದ ಮೇಣದ ತೆಳುಹಾಳೆಯನ್ನು ಹಣೆಯ ಮೇಲೆ ಹರಡಿ, ಸುತ್ತ ಗೆರೆ ಎಳೆದು, ಕಣ್ಣುಗಳ ನಡುವೆ ಚರ್ಮದ ಒಂದು ಪಟ್ಟಿಯನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಬಿಡಿಸಿ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದನು. ಇಷ್ಟೆಲ್ಲ ವಿವರ ಬರೆದ ಪತ್ರಕಾರನು ಹಣೆಯ ಕಲೆಯ ಬಗ್ಗೆ ಹೇಳಿದ್ದು, ಕಾಲ ಕಳೆದಂತೆ ಅದು ಅಷ್ಟಾಗಿ ಕಾಣುವುದಿಲ್ಲ ಎಂದಷ್ಟೇ.

1814ರಲ್ಲಿ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಇದೇ ಕ್ರಮವನ್ನು ಅನುಸರಿಸಿದನು. 1869ರಲ್ಲಿ ರಿವರ್ಡಿನ್, 1874ರಲ್ಲಿ ಥಿಯರ್ಶ್ ತೆಳುಚರ್ಮದ ಕಸಿಯನ್ನು ರೂಢಿಗೆ ತಂದರು. ಕಲೆಯ ಆಳ ತಿಳಿಯುವ ದಾರಿ ತೆರೆದದ್ದು 1979ರಲ್ಲಿ, ಅಲೆಕ್ಸಾಂಡರ್ ಮತ್ತು ಮಿಲ್ಲರ್ ಅವರು ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳಿಸದ ಶಬ್ದದ ಅಲೆಗಳ ಮಾರ್ದನಿಯಿಂದ ಚರ್ಮದ ದಪ್ಪವನ್ನು ಅಳೆದು ತೋರಿಸಿದಾಗ. ಆದರೂ ಆಸ್ಪತ್ರೆಗಳಲ್ಲಿ ನೆಲೆಯೂರಿದ್ದು 1990ರ ವ್ಯಾಂಕೂವರ್ ಮಾನಕ. ಬಣ್ಣ, ರಕ್ತಸಂಚಾರ, ಮೆದುತನ, ಎತ್ತರ ಎಂಬ ನಾಲ್ಕಕ್ಕೆ ಒಟ್ಟು 13 ಅಂಕ ಕೊಡುವ ಈ ಪಟ್ಟಿಗೆ ಕಣ್ಣು, ಬೆರಳು ಸಾಕು. ಅದರ ಕೊರತೆಯೂ ಅಲ್ಲೇ ಇದೆ: ಅದು ಎಣಿಸುವುದು ಚರ್ಮದ ಮಟ್ಟಕ್ಕಿಂತ ಮೇಲೆದ್ದ ಎತ್ತರವನ್ನು ಮಾತ್ರ, ಕಲೆಯ ಎಳೆಗಳು ಒಳಗೆ ಎಷ್ಟು ಇಳಿದಿವೆ ಎಂಬುದು ಅದಕ್ಕೆ ಸಿಗುವುದಿಲ್ಲ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದಿರುವುದರಿಂದ ರಕ್ತಸಂಚಾರದ ಅಂಕವೂ ಈ ನಾಡಿನಲ್ಲಿ ಅಷ್ಟು ನಂಬಲರ್ಹವಲ್ಲ.

ಈ ಕೊರತೆ ತುಂಬುವ ಅಲ್ಟ್ರಾಸೌಂಡ್ ಪರೀಕ್ಷೆಯ ಗುಣ ನಿಂತಿರುವುದು ಮೈಗೆ ತಾಗಿಸುವ ಪ್ರೋಬಿನ ಮೇಲೆ. ಹೊಟ್ಟೆ ನೋಡುವ 3.5 ಮೆಗಾಹರ್ಟ್ಸ್ ಪ್ರೋಬಿನ ಅಲೆಯ ಉದ್ದ ಸುಮಾರು 0.44 ಮಿಲಿಮೀಟರ್ ಇರುವುದರಿಂದ, ಕೆಲವೇ ಮಿಲಿಮೀಟರ್ ದಪ್ಪದ ಚರ್ಮದ ಪದರಗಳು ಅದರಲ್ಲಿ ಬಿಡಿಯಾಗಿ ಕಾಣುವುದಿಲ್ಲ. 15 ಮೆಗಾಹರ್ಟ್ಸ್‌ನಲ್ಲಿ ಅಲೆ 0.1 ಮಿಲಿಮೀಟರ್‌ಗೆ ಇಳಿದು ಒಳಚರ್ಮ, ಕೊಬ್ಬು ಬೇರೆಬೇರೆಯಾಗುತ್ತವೆ. ಪ್ರೋಬನ್ನು ಒತ್ತಿದರೆ ಕಲೆ ತೆಳುವಾಗಿ ತೋರುತ್ತದೆಂದು ಜೆಲ್ ಅನ್ನು ದಪ್ಪಗೆ ಹಚ್ಚಿ, ಹಗುರವಾಗಿ ತೇಲಿಸಿ, ಇನ್ನೊಂದು ಬದಿಯ ಅದೇ ಜಾಗದ ಆರೋಗ್ಯವಂತ ಚರ್ಮದೊಂದಿಗೆ ಹೋಲಿಸಬೇಕು. ಯಂತ್ರದ ತೆರೆಯ ಮೇಲೆ ಉಬ್ಬು ಕಲೆ ಸಾಮಾನ್ಯವಾಗಿ ಸುತ್ತಲ ಚರ್ಮಕ್ಕಿಂತ ಕಪ್ಪಾಗಿ ಕಾಣುತ್ತದೆ; ಡಾಪ್ಲರ್‌ನಲ್ಲಿ ರಕ್ತದ ಓಟ ಇನ್ನೂ ಜೋರಾಗಿದ್ದರೆ ಕಲೆ ಮಾಗಿಲ್ಲವೆಂದು ತಿಳಿದು, ಅದರಿಂದ ಮುದುಡಿದ ಕೀಲನ್ನು ಬಿಡಿಸುವ ಶಸ್ತ್ರಕ್ರಿಯೆಯನ್ನು ಮುಂದೂಡಲು ಅವಕಾಶವಾಗುತ್ತದೆ.

ಈ ಪರೀಕ್ಷೆ ರೋಗಿಗೆ ಸಿಗುವ ವಿಷಯದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಕಥೆ ಬೇರೆಯೇ ಆಗುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಗೆ ಹತ್ತಿರದ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ, ಕಲಬುರಗಿಯ ಮಹಾದೇವಪ್ಪ ರಾಂಪುರೆ ಕಾಲೇಜಿನ ರೂಪದಲ್ಲಿ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು, ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜನ್ನು ಕಂಡದ್ದು 2022–23ರಲ್ಲಿ. ಅಲ್ಟ್ರಾಸೌಂಡ್ ಎಂದರೆ ಬಸುರಿನ ಸ್ಕ್ಯಾನಿಂಗ್ ಎಂಬ ತಿಳಿವಳಿಕೆ ಜನರಲ್ಲಿ ಬಲವಾಗಿದೆ, ಕಾನೂನು ಹುಟ್ಟಿದ್ದೂ ಆ ಸ್ಕ್ಯಾನಿಂಗ್‌ನ ದುರ್ಬಳಕೆಯ ಭಯದಿಂದ. ಹೆಣ್ಣು ಭ್ರೂಣಹತ್ಯೆಯನ್ನು ತಡೆಯಲು 1994ರಲ್ಲಿ ಬಂದ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವಂತಿಲ್ಲ. 2012ರ ತಿದ್ದುಪಡಿ ನಿಯಮವು ಕೈಯಲ್ಲಿ ಒಯ್ಯಬಹುದಾದ ಯಂತ್ರವನ್ನೂ ನೋಂದಾಯಿತ ಆಸ್ಪತ್ರೆಯ ಆವರಣಕ್ಕೆ ಅಥವಾ ನೋಂದಾಯಿತ ಸಂಚಾರಿ ವೈದ್ಯಕೀಯ ಘಟಕಕ್ಕೆ ಕಟ್ಟಿಹಾಕಿತು. ಈ ಕಟ್ಟು ನ್ಯಾಯವಾದದ್ದೇ, ಆದರೆ ಕಲೆ ಪರೀಕ್ಷೆಯ ಮೇಲೂ ಅದರ ಹೊರೆ ಬೀಳುತ್ತದೆ: ಕಲೆ ಮಾಗುವ ವರ್ಷ, ಒಂದೂವರೆ ವರ್ಷದ ಅವಧಿಯಲ್ಲಿ ಅಂಥ ಘಟಕವಿಲ್ಲದೆ ಪ್ರೋಬ್ ಊರಿಗೆ ಬರಲಾರದು, ರೈಲು ನಿಲ್ದಾಣವಿಲ್ಲದ ಸುರಪುರದಿಂದಲೂ ಶಹಾಪುರದಿಂದಲೂ ರೋಗಿಯೇ ಮತ್ತೆ ಮತ್ತೆ ಬಸ್ ಹತ್ತಬೇಕು.