ದೆವ್ವದ ಮನೆಯ ಕಥೆಯೂ ಒಡೆತನದ ಪ್ರಶ್ನೆಯೂ

ದೆವ್ವ ಹೊಕ್ಕ ಮನೆಯ ಕಥೆಗಳನ್ನು ಭಯಾನಕರಸಕ್ಕಾಗಿ ಹೆಣೆದ ಕಲ್ಪನೆಗಳೆಂದು ಎಣಿಸುವುದು ವಾಡಿಕೆ. ಆದರೆ ಪಾಶ್ಚಾತ್ಯ ಸಾಹಿತ್ಯದಲ್ಲಿ ಈ ಪ್ರಕಾರದ ಕೆಲವು ಮುಖ್ಯ ಕೃತಿಗಳನ್ನು ಕಾಲಕ್ರಮದಿಂದ ಪರಿಶೀಲಿಸಿದಲ್ಲಿ, ಭೂತವು ಅನ್ಯಾಯಕ್ಕೊಳಗಾದವರ ತೀರದ ವ್ಯಾಜ್ಯವೇ ಆಗಿರುವುದು ಗೋಚರವಾಗುತ್ತದೆ.

ರೋಮಿನ ಕಿರಿಯ ಪ್ಲಿನಿಯು ಮಿತ್ರನಾದ ಸೂರನಿಗೆ ಬರೆದ ಪತ್ರವೊಂದರಲ್ಲಿ ಅಥೆನ್ಸ್ ನಗರದ ಪಾಳುಮನೆಯ ವೃತ್ತಾಂತವಿದೆ. ಬಾಡಿಗೆಯು ತೀರ ಅಲ್ಪವಾಗಿರುವುದನ್ನು ಕಂಡು ಸಂಶಯಗೊಂಡ ಅಥೆನೊಡೋರಸನೆಂಬ ತತ್ತ್ವಜ್ಞನು, ಕಾರಣವನ್ನು ತಿಳಿದೂ ಅಲ್ಲಿ ನೆಲಸಿದನು. ರಾತ್ರಿ ಸಂಕೋಲೆ ತೊಟ್ಟ ವೃದ್ಧನ ಭೂತವು ಕಾಣಿಸಿಕೊಂಡು, ಅಂಗಳದ ಒಂದೆಡೆ ಮಾಯವಾಯಿತು. ಮರುದಿನ ಅಲ್ಲಿ ಅಗೆಯಿಸಲು ಸರಪಣಿ ಸುತ್ತಿದ ಎಲುಬುಗಳು ದೊರೆತವು. ಅವುಗಳಿಗೆ ವಿಧಿಪೂರ್ವಕವಾಗಿ ಸಂಸ್ಕಾರವಾದ ಬಳಿಕ ಮನೆ ಶಾಂತವಾಯಿತಂತೆ.

ಅಮೆರಿಕದಲ್ಲಿ ಈ ಕಥಾವಸ್ತುವು ಭೂಮಿಯ ಒಡೆತನದೊಡನೆ ಬೆಸೆದುಕೊಂಡಿತು. ಸೇಲಂ ಪ್ರಾಂತದಲ್ಲಿ 1692ರಲ್ಲಿ ಆರಂಭವಾದ ಮಾಟಗಾರರ ವಿಚಾರಣೆಯಲ್ಲಿ 19 ಮಂದಿ ಗಲ್ಲಿಗೇರಿದರು. ನ್ಯಾಯಾಧೀಶರಲ್ಲಿ ಒಬ್ಬನು ಕಾದಂಬರಿಕಾರ ನಥಾನಿಯೆಲ್ ಹಾಥಾರ್ನನ ಪೂರ್ವಜನು. ಹಾಥಾರ್ನನ ‘ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್’ (1851) ಎಂಬ ಕೃತಿಯಲ್ಲಿ, ಬಡವನೊಬ್ಬನ ನೆಲವನ್ನು ಬಯಸಿದ ಧನಿಕನು, ಆತನು ಮಾಟಗಾರನೆಂದು ಗಲ್ಲಿಗೇರಿದ ಬಳಿಕ, ಅದೇ ನೆಲದ ಮೇಲೆ ಮನೆ ಕಟ್ಟಿಸುತ್ತಾನೆ. ಶಾಪವು ಪೀಳಿಗೆಗಳನ್ನು ಬೆನ್ನಟ್ಟುತ್ತದೆ. ಟೋನಿ ಮಾರಿಸನ್ನರ ‘ಬಿಲವೆಡ್’ (1987) ಕಾದಂಬರಿಯಲ್ಲಿ ವ್ಯಾಜ್ಯವು ನೆಲದ ಒಡೆತನವನ್ನು ದಾಟಿ ಮನುಷ್ಯರ ಒಡೆತನಕ್ಕೇ ಮುಟ್ಟುತ್ತದೆ. ಮಗಳು ಮತ್ತೆ ಗುಲಾಮಳಾಗಬಾರದೆಂದು ತಾಯಿಯೇ ಆಕೆಯನ್ನು ಕೊಂದ 1856ರ ನೈಜ ಘಟನೆಯು ಅದಕ್ಕೆ ಪ್ರೇರಣೆಯಾಗಿತ್ತು.

ಈ ಪರಂಪರೆಯು ತರುಣ ವಾಚಕರ ಸಾಹಿತ್ಯಕ್ಕೂ ಇಳಿದುಬಂದಿರುವುದಕ್ಕೆ ಟಿಫನಿ ಡಿ. ಜಾಕ್ಸನ್ನರ ‘ವೈಟ್ ಸ್ಮೋಕ್’ (2021) ಉತ್ತಮ ನಿದರ್ಶನವು. ಮೇರಿಗೋಲ್ಡ್ ಎಂಬ ತರುಣಿಯ ಕುಟುಂಬಕ್ಕೆ ಸೀಡರ್‌ವಿಲ್ ಎಂಬ ಕಲ್ಪಿತ ನಗರದಲ್ಲಿ ಒಂದು ಪ್ರತಿಷ್ಠಾನವು ವಾಸಕ್ಕೆ ಮನೆಯನ್ನು ಉಚಿತವಾಗಿ ಕೊಡುತ್ತದೆ. ಮನೆ ನವೀಕೃತವಾದುದು, ಸುತ್ತಲಿನವು ಪಾಳುಬಿದ್ದವು. ಬಾಗಿಲುಗಳು ತಾವಾಗಿ ತೆರೆಯುತ್ತವೆ, ಗೋಡೆಗಳಿಂದ ದನಿ ಕೇಳಿಸುತ್ತದೆ. ಅಥೆನ್ಸಿನ ಅಲ್ಪ ಬಾಡಿಗೆಯಂತೆ ಇಲ್ಲಿ ಉಚಿತ ನಿವಾಸವೇ ಸಂಶಯಕ್ಕೆ ಮೊದಲ ಕಾರಣ: ಹಿಂದಿನ ನಿವಾಸಿಗಳು ಏನಾದರು?

ಈ ಪ್ರಶ್ನೆಗೆ ಇತಿಹಾಸದ ಆಧಾರವುಂಟು. 1933ರಲ್ಲಿ ಸ್ಥಾಪಿತವಾದ ಸರಕಾರಿ ಗೃಹಸಾಲ ಸಂಸ್ಥೆಯು ರಚಿಸಿದ ನಗರಪಟಗಳಲ್ಲಿ ಕಪ್ಪುವರ್ಣೀಯರ ಕೇರಿಗಳಿಗೆ ಸಾಮಾನ್ಯವಾಗಿ ಅಪಾಯಸೂಚಕ ಕೆಂಪು ಬಣ್ಣವನ್ನು ಬಳಿಯಲಾಯಿತು. 1934ರಲ್ಲಿ ಹುಟ್ಟಿದ ಫೆಡರಲ್ ಗೃಹನಿರ್ಮಾಣ ಆಡಳಿತವು ಅಂತಹ ಕೇರಿಗಳ ಸಾಲಗಳಿಗೆ ವಿಮೆಯನ್ನು ನಿರಾಕರಿಸುತ್ತ ಬಂದಿತು. ದುರಸ್ತಿಗೂ ಹಣ ಹುಟ್ಟದ ಮನೆಗಳು ಶಿಥಿಲವಾದವು. ಅವುಗಳ ಬೆಲೆ ಕುಸಿಯಿತು. 1968ರ ಶಾಸನವು ವಸತಿಯಲ್ಲಿ ವರ್ಣಭೇದವನ್ನು ನಿಷೇಧಿಸಿತಾದರೂ, ಅಷ್ಟರಲ್ಲಿ ಕಳೆದುಹೋದ ಆಸ್ತಿಯನ್ನು ಮರಳಿಸಲಿಲ್ಲ.

ಪ್ಲಿನಿಯ ವೃತ್ತಾಂತದಲ್ಲಿ ಎಲುಬುಗಳ ಸಂಸ್ಕಾರದಿಂದ ಭೂತವು ಅಡಗಿತು. ಆಧುನಿಕ ಕೃತಿಗಳಲ್ಲಿ ಹೂತುಹೋಗಿರುವುದು ಒಬ್ಬನ ದೇಹವಲ್ಲ, ಒಂದು ಜನಸಮುದಾಯದ ಹಕ್ಕು. ಆದುದರಿಂದಲೇ ಅವುಗಳಲ್ಲಿ ಶಾಂತಿಯು ಅಷ್ಟು ಸುಲಭವಾಗಿ ದೊರಕದು.